ಫಸ್ಟ್ ಪಿಯುಸಿ ಮುಗೀತಾ? ಕೋಚಿಂಗ್‌ಗಿಂತ ಮೊದಲು ಟ್ರಂಕ್ ತೆಗೆಯಿರಿ

(ದೃಶ್ಯ: ಕಲಬುರಗಿ, ಏಪ್ರಿಲ್ ಮಧ್ಯಾಹ್ನ. ಜೆರಾಕ್ಸ್ ಅಂಗಡಿ ಮುಂದೆ ನಿರೂಪಕ, ಕೈಯಲ್ಲಿ ಪ್ಲಾಸ್ಟಿಕ್ ಫೈಲ್.)

ನಮಸ್ಕಾರ್ರೀ. ಬಿಸಿಲು ನೆತ್ತಿ ಸುಡುತ್ತಿದೆ, ಫಸ್ಟ್ ಪಿಯುಸಿ ಪರೀಕ್ಷೆ ಮುಗಿದಿದೆ. ಈಗ ಎಲ್ಲರ ಮನೆಯಲ್ಲೂ ಒಂದೇ ಮಾತು: ಯಾವ ಕೋಚಿಂಗ್‌ಗೆ ಸೇರಿಸೋಣ? ಅದು ಆಮೇಲೆ. ಮೊದಲು ಮನೆಯ ಟ್ರಂಕ್ ತೆಗೆಯಿರಿ. ಅದರೊಳಗಿನ ಕಾಗದಗಳಿಗೂ ನಿಮ್ಮ ಸೀಟಿಗೂ ನೇರ ಸಂಬಂಧ ಇದೆ.

(ಕ್ಲೋಸ್ಅಪ್: ಹತ್ತನೇ ತರಗತಿಯ ಅಂಕಪಟ್ಟಿ, ಪಕ್ಕದಲ್ಲಿ ಆಧಾರ್.)

ಎರಡನ್ನೂ ಪಕ್ಕಪಕ್ಕ ಇಟ್ಟು ಇಂಗ್ಲಿಷ್ ಸ್ಪೆಲಿಂಗ್ ಓದಿ. ನನ್ನ ಆಧಾರ್‌ನಲ್ಲಿ ಹೆಸರಿನ ಕೊನೆಗೆ ಒಂದು 'ಎ' ಜಾಸ್ತಿ ಇತ್ತು. ಮಲ್ಲಿಕಾರ್ಜುನ್, ಮಲ್ಲಿಕಾರ್ಜುನ ಅಂತಾರಲ್ಲ, ಹಾಗೆ. ಆ ಒಂದು ಅಕ್ಷರಕ್ಕಾಗಿ ನಾಲ್ಕು ದಿನ ಕ್ಯೂ ನಿಂತಿದ್ದೇನೆ, ಅದೂ ಕೌನ್ಸೆಲಿಂಗ್, ಅಂದರೆ ಸೀಟು ಹಂಚುವ ಹೊತ್ತಿನಲ್ಲಿ. ನಮ್ಮ ಕಡೆ ಇನ್ನೊಂದು ತೊಂದರೆ ಇದೆ. ಒಂದು ಕಾಗದದಲ್ಲಿ ಮನೆತನದ ಹೆಸರು ಇರುತ್ತದೆ, ಇನ್ನೊಂದರಲ್ಲಿ 'ತಂದೆ ಶರಣಪ್ಪ' ಅಂತ ಮಾತ್ರ. ಅಂಕಪಟ್ಟಿ ತಿದ್ದಿಸಬೇಕೆಂದರೆ ಶಾಲೆಯಿಂದ ಬೋರ್ಡ್‌ವರೆಗೆ ಅಲೆಯಬೇಕು. ಅದರಲ್ಲಿರುವ ಹೆಸರು ಸರಿಯಾಗಿದ್ದರೆ ಆಧಾರನ್ನೇ ಅದಕ್ಕೆ ಹೊಂದಿಸಿಕೊಳ್ಳಿ.

ಈಗ ಮುಖ್ಯ ಕಾಗದಕ್ಕೆ ಬರೋಣ. ತ್ರೀ ಸೆವೆಂಟಿ ಒನ್ ಜೆ, ಅಂದರೆ ಸಂವಿಧಾನದ ಆ ವಿಧಿಯಡಿ ಮೀಸಲಾತಿಗೆ ಬೇಕಾದ ಪ್ರಮಾಣಪತ್ರ. ಊರಲ್ಲಿ ಇನ್ನೂ ಎಚ್‌ಕೆ, ಅಂದರೆ ಹೈದರಾಬಾದ್ ಕರ್ನಾಟಕ ಸರ್ಟಿಫಿಕೇಟ್ ಅಂತಲೇ ಕರೆಯುತ್ತಾರೆ. 2013ರಿಂದ ಕಲಬುರಗಿ, ಬೀದರ್, ಯಾದಗಿರಿ ಸೇರಿ ಕಲ್ಯಾಣ ಕರ್ನಾಟಕದವರಿಗೆ ಈ ಮೀಸಲಾತಿ ಇದೆ. ಸರ್ಕಾರ ಹಂಚುವ ಸೀಟುಗಳಲ್ಲಿ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ನಮ್ಮವರಿಗೆ. ಬೆಂಗಳೂರು, ಮೈಸೂರು ಕಡೆ ನೂರಕ್ಕೆ 8. ಎಂಟು ಅಂದರೆ ಕಡಿಮೆ ಅನ್ನಿಸುತ್ತದೆ. ಆದರೆ ಅಲ್ಲಿನ ಹೆಸರುವಾಸಿ ಕಾಲೇಜಿನಲ್ಲಿ ನಮ್ಮ ಹುಡುಗರು ಒಳಗೆ ಹೋಗುವ ಬಾಗಿಲು ಎಷ್ಟೋ ಸಲ ಅದೇ.

ಇದನ್ನು ಕೊಡುವುದು ಎಸಿ ಆಫೀಸ್, ಅಂದರೆ ಸಹಾಯಕ ಆಯುಕ್ತರು. ಕಲಬುರಗಿ ಜಿಲ್ಲೆಯಲ್ಲಿ ಕಲಬುರಗಿ ಮತ್ತು ಸೇಡಂ, ಬೀದರ್ ಜಿಲ್ಲೆಯಲ್ಲಿ ಬೀದರ್ ಮತ್ತು ಬಸವಕಲ್ಯಾಣ, ಯಾದಗಿರಿಗೆ ಯಾದಗಿರಿಯಲ್ಲೇ. ನೀವು ಇಲ್ಲೇ ಹುಟ್ಟಿದ್ದರೆ ಜನನ ಪ್ರಮಾಣಪತ್ರ ಹುಡುಕಿ. ಇಲ್ಲದಿದ್ದರೆ ಹೆತ್ತವರು 2013ರ ಜನವರಿ 1ಕ್ಕೆ ಮೊದಲು ಹತ್ತು ವರ್ಷ ಇಲ್ಲಿ ವಾಸ ಇದ್ದದ್ದಕ್ಕೆ ದಾಖಲೆ ಬೇಕು. ಗುಳೆ ಹೋದಾಗ ಪುಣೆಯಲ್ಲೋ ಮುಂಬೈಯಲ್ಲೋ ಹುಟ್ಟಿದವರು ಗಾಬರಿಯಾಗಬೇಡಿ, ಹೀಗೆ ಹೆತ್ತವರ ಕಡೆಯಿಂದಲೂ ಕೇಳಬಹುದು. ಅಪ್ಪನ ಹಳೆಯ ಟಿಸಿ, ಪಹಣಿ ಯಾವುದನ್ನೂ ರದ್ದಿಗೆ ಹಾಕಬೇಡಿ.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲಾತಿ ಇದೆ. ಅದರ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ, ಮೇಲೆ ಬಿಇಓ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಸಹಿ. ಮೂರು ಶಾಲೆ ಬದಲಿಸಿದ್ದರೆ ಮೂರೂ ಕಡೆ ಹೋಗಬೇಕು. ರಜೆಯಲ್ಲಿ ಶಾಲೆಗೆ ಬೀಗ ಇರುತ್ತದೆ, ಫೋನ್ ಮಾಡಿಯೇ ಹೊರಡಿ. ಜಾತಿ, ಆದಾಯ ಪ್ರಮಾಣಪತ್ರದಲ್ಲಿ ಆರ್‌ಡಿ ನಂಬರ್ (RD ಅಂತ ಶುರುವಾಗುವ ಪ್ರಮಾಣಪತ್ರದ ಸಂಖ್ಯೆ) ಇದೆಯಾ, ಅವಧಿ ಮುಗಿದಿದೆಯಾ ನೋಡಿ. ಅಷ್ಟು ಸಾಕು.

(ದೃಶ್ಯ: ನೋಟ್‌ಬುಕ್, ಗೋಡೆ ಗಡಿಯಾರ.)

ಓದಿನ ಬಗ್ಗೆ ಒಂದೇ ವಿಷಯ. ಫಸ್ಟ್ ಪಿಯುಸಿ ಪುಸ್ತಕಗಳನ್ನು ತಮ್ಮನಿಗೆ ಕೊಟ್ಟುಬಿಡಬೇಡಿ. ಸಿಇಟಿ, ನೀಟ್, ಜೆಇಇ ಮೂರೂ ಪ್ರವೇಶ ಪರೀಕ್ಷೆಗಳಲ್ಲಿ ಆ ವರ್ಷದ ಪಾಠದಿಂದ ಪ್ರಶ್ನೆ ಬರುತ್ತದೆ. ಸೆಕೆಂಡ್ ಪಿಯುಸಿ ಶುರುವಾದ ಮೇಲೆ ಹಿಂದಿರುಗಿ ನೋಡಲು ಪುರಸೊತ್ತು ಎಲ್ಲಿ? ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಗಡಿಯಾರ ಇಟ್ಟುಕೊಂಡು ಈಗಲೇ ಒಂದು ಹಳೆಯ ಪತ್ರಿಕೆ ಬಿಡಿಸಿ, ಎದೆ ಧಸಕ್ಕೆನ್ನಲಿ ಬಿಡಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕಗಳೂ ಅರ್ಧ ಲೆಕ್ಕಕ್ಕೆ ಬರುತ್ತವೆ. 'ಬೋರ್ಡ್ ಪಾಸಾದರೆ ಸಾಕು' ಎನ್ನುವ ಸೀನಿಯರ್ ಮಾತು ನಂಬಬೇಡಿ.

ಎಂಜಿನಿಯರಿಂಗ್, ಡಾಕ್ಟರ್ ಬಿಟ್ಟರೆ ದಾರಿ ಇಲ್ಲವಾ? ಬೀದರ್‌ನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದೆ, ಶಹಾಪುರ ಹತ್ತಿರ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜು ಇದೆ. ರೈತರ ಮಕ್ಕಳ ಕೋಟಾಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ. ತೊಗರಿ ರಾಶಿ ಮಾಡಿದ ಕೈಗೆ ಅದು ಹೊಸದಲ್ಲ, ಅಲ್ವಾ? ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ. ಅಲ್ಲಿಗೆ ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಬರೆಯಬೇಕು. ಮನೆಯಿಂದ ಬಸ್ಸಿನ ದಾರಿಯಲ್ಲಿರುವ ಇವುಗಳ ಬಗ್ಗೆ ನಾವೇ ಕೇಳುವುದಿಲ್ಲ.

(ಕ್ಲೋಸ್ಅಪ್: ಮೊಬೈಲ್ ಪರದೆ.)

ಕೊನೆಯದು, ಮೊಬೈಲ್ ನಂಬರ್. ಅರ್ಜಿಯಲ್ಲಿ ನೆಟ್ ಸೆಂಟರ್ ಅಣ್ಣನ ನಂಬರ್ ಹಾಕಿಸಬೇಡಿ. ಅಪ್ಪನದೂ ಬೇಡ, ಅವರು ದೂರದ ಊರಲ್ಲಿ ದುಡಿಯುತ್ತಿದ್ದರೆ. ಅವರು ಕಟ್ಟಡದ ಸ್ಲ್ಯಾಬ್ ಮೇಲೆ ಕೆಲಸದಲ್ಲಿ ಇರುತ್ತಾರೆ, ಫೋನ್ ಕೆಳಗೆ ಅಂಗಿ ಜೇಬಿನಲ್ಲಿ. ಓಟಿಪಿ ಬಂದು, ಅವಧಿ ಮುಗಿದು, ನೀವು ಇಲ್ಲಿ 'ಅಪ್ಪಾ, ನಂಬರ್ ಹೇಳಿ' ಅಂತ ಕೂಗುತ್ತಾ ಇರುತ್ತೀರಿ. ಮನೆಯಲ್ಲೇ ಇರುವ ಒಂದು ಸಿಮ್, ಅದಕ್ಕೊಂದು ಇಮೇಲ್. ಪಾಸ್‌ವರ್ಡನ್ನು ಈ ಫೈಲ್‌ನ ಒಳಮುಚ್ಚಳಕ್ಕೆ ಬರೆದು ಅಂಟಿಸಿ, ಫೈಲ್ ವಾಪಸ್ ಟ್ರಂಕಿಗೆ.