ಚೀಟಿ ಎತ್ತಿದ ಮಗುವಿಗೆ ಮಾರ್ಕ್ಸ್ ಹಾಕೋದು ಹೇಗೆ?

ಕೇಳುಗರಿಗೆಲ್ಲ ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಹಾಕ್ಕೊಂಡಿರೋರಲ್ಲಿ ಮೇಷ್ಟ್ರುಗಳು, ಟೀಚರಮ್ಮಂದಿರು ಜಾಸ್ತಿ ಇದ್ದೀರ ಅಂದ್ಕೊಂಡೇ ಮಾತಾಡ್ತೀನಿ, ಯಾಕಂದ್ರೆ ಶಾಲಾ ಮಕ್ಕಳ ಸ್ಪರ್ಧೆ ಪ್ರತಿಭಾ ಕಾರಂಜಿ ಬಂತು ಅಂದ್ರೆ ಕ್ಲಸ್ಟರ್ ಮಟ್ಟದಲ್ಲಿ ತೀರ್ಪುಗಾರರಾಗಿ ಕೂರೋರು ನೀವೇ ತಾನೆ. ರಂಗೋಲಿ ಕಣ್ಣಿಗೆ ಕಾಣುತ್ತೆ, ಜಾನಪದ ಗೀತೆ ಕಿವಿಗೆ ಗೊತ್ತಾಗುತ್ತೆ, ಅಲ್ಲಿ ಜಗಳ ಕಮ್ಮಿ. ಚೀಟಿ ಎತ್ತಿ, ಅದರಲ್ಲಿ ಬಂದ ವಿಷಯದ ಮೇಲೆ ಆಗಿಂದಾಗ್ಲೇ ಮಾತಾಡೋ ಆಶುಭಾಷಣ ಬಂದಾಗ್ಲೇ ಎಡವಟ್ಟಾಗೋದು.

ನಾನು ಹೇಳ್ಬೇಕು ಅಂತ ಬಂದಿರೋದು ಒಂದೇ ಮಾತು, ಬೇಕಾದ್ರೆ ಇಷ್ಟು ಕೇಳಿ ರೇಡಿಯೋ ಆಫ್ ಮಾಡಿ. ಮಗು ಮಾತು ಮುಗಿಸಿ ಕೆಳಗಿಳಿದ ತಕ್ಷಣ, ಮಾರ್ಕ್ಸ್ ಹಾಕೋಕೆ ಮುಂಚೆ, ಆ ಮಗು ವಿಷಯದ ಬಗ್ಗೆ ಏನು ಹೇಳ್ತು ಅಂತ ಒಂದೇ ಒಂದು ವಾಕ್ಯ ನಿಮ್ಮ ಹಾಳೆ ಮೇಲೆ ಬರೀರಿ. ಬರೆಯೋಕೆ ಬಂತಾ, ಮಾರ್ಕ್ಸ್ ಕೊಡಿ. ಬರಲಿಲ್ವಾ, ಎಷ್ಟೇ ಗುಡುಗಿರ್ಲಿ, ಎಷ್ಟೇ ಕೈ ಬೀಸಿರ್ಲಿ, ಕೊಡಬೇಡಿ. ಅಷ್ಟೇ.

ಇದೇನು ದೊಡ್ಡ ವಿಷಯ ಅಂತೀರ. ಹೇಳ್ತೀನಿ ಕೇಳಿ. ಒಂದು ಸಲ ತಾಲ್ಲೂಕು ಮಟ್ಟದ ಸ್ಪರ್ಧೆ, ಊರು ಯಾವುದು ಅಂತ ಬೇಡ, ಮೂರು ಜನ ತೀರ್ಪುಗಾರರು, ನಾನೂ ಒಬ್ಬ. ಮೇಜಿನ ಮೇಲೆ ಸ್ಟೀಲ್ ಡಬ್ಬಿಲಿ ಮಡಚಿದ ಚೀಟಿಗಳು. ಒಬ್ಬ ಹುಡುಗ ಬಂದ, ಇಸ್ತ್ರಿ ಮಾಡಿದ ಯೂನಿಫಾರಂ, ಎಣ್ಣೆ ಹಾಕಿ ಬಾಚಿದ ತಲೆ, ಚೀಟಿ ಬಿಚ್ಚಿದ, 'ಕೊಡೆ' ಅಂತಿತ್ತು. ಶುರು ಮಾಡಿದ ನೋಡಿ, ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಮಾನ್ಯರೇ, ನಿಷ್ಪಕ್ಷಪಾತ ತೀರ್ಪು ನೀಡುವ ನಿರ್ಣಾಯಕರೇ, ಅಕ್ಷರ ಕಲಿಸಿದ ಗುರುವೃಂದವೇ, ನನ್ನ ನೆಚ್ಚಿನ ಸಹಪಾಠಿಗಳೇ, ಅದಾದ್ಮೇಲೆ ಒಂದು ವಚನ, ಅದಾದ್ಮೇಲೆ ಕೊಡೆ ಅಂದರೆ ಮಳೆ, ಮಳೆ ಅಂದರೆ ಕಾಡು, ಕಾಡು ಅಂದರೆ ಪರಿಸರ, ಅಲ್ಲಿಗೆ ರೈಲು ಹಳಿ ಮೇಲೆ ಬಂತು, ಇನ್ನು ಇಳಿಸೋರು ಯಾರು? ಓಝೋನ್ ಪದರ, ಪ್ಲಾಸ್ಟಿಕ್ ಮುಕ್ತ ಭಾರತ, ಕಾಡು ಬೆಳೆಸಿ ನಾಡು ಉಳಿಸಿ, ಜೈ ಹಿಂದ್ ಜೈ ಕರ್ನಾಟಕ. ಸರಿಯಾಗಿ ಬೆಲ್ ಹೊಡೆಯೋ ಹೊತ್ತಿಗೆ ಮುಗಿಸಿದ. ಭರ್ಜರಿ ಚಪ್ಪಾಳೆ. ಆ ಹುಡುಗನ್ನ ನಾನು ಬಯ್ಯಲ್ಲ ಸ್ವಾಮಿ, ಅವನಿಗೆ ಚೀಟಿಲಿ 'ಬೆಂಕಿಪೊಟ್ಟಣ' ಅಂತ ಬಂದಿದ್ರೂ ಅದನ್ನೇ ಹೇಳೋ ಹಾಗೆ ಯಾರೋ ತಯಾರು ಮಾಡಿ ಕಳಿಸಿದ್ರು.

ಅವನ ಹಿಂದೇನೇ ಒಂದು ಹುಡುಗಿ. ಏಳನೇ ಕ್ಲಾಸಿರಬೇಕು. ಚೀಟಿಲಿ 'ಬೀಗ'. ಚೀಟಿ ನೋಡ್ತು, ನಿಂತ್ಕೊಂಡ್ತು, ಮಾತಿಲ್ಲ. ಮೈಕ್ ಹಿಡ್ಕೊಂಡಿದ್ದ ಕೈ ನಡುಗ್ತಿದ್ದಿದ್ದು ನಂಗೆ ಕಾಣ್ತಿತ್ತು. ಪಕ್ಕದ ತೀರ್ಪುಗಾರರು ಆಗ್ಲೇ ಪೆನ್ ಎತ್ತಿ ಏನೋ ಸೊನ್ನೆ ಸುತ್ತಿದ್ರು. ಆಮೇಲೆ ಶುರು ಮಾಡ್ತು, ಗಣ್ಯರೂ ಇಲ್ಲ ಗುರುವೃಂದನೂ ಇಲ್ಲ, "ನಮ್ಮನೆಗೆ ಬೀಗ ಹಾಕಲ್ಲ, ಯಾಕಂದ್ರೆ ಅಜ್ಜಿ ಯಾವಾಗ್ಲೂ ಮನೇಲೇ ಇರ್ತಾರೆ" ಅಂತು. ಪಕ್ಕದ ಮನೆಗೆ ಎರಡು ಬೀಗ ಇದೆಯಂತೆ, ಅವರು ಬೆಂಗಳೂರಿಗೆ ಹೋಗಿದ್ದಾರಂತೆ, ಯುಗಾದಿಗೂ ಬರಲ್ವಂತೆ, ಒಂದು ಬೀಗಕ್ಕೆ ತುಕ್ಕು ಹಿಡಿದು ಈಗ ಕೀಲಿಕೈ ತಂದ್ರೂ ತೆಗೆಯೋಕಾಗಲ್ವಂತೆ. ಅಜ್ಜಿ ತಮ್ಮನೆ ಬಾಗಿಲು ಸಾರಿಸುವಾಗ ಆ ಮನೆ ಮುಂದೆನೂ ಒಂದು ತಂಬಿಗೆ ನೀರು ಹಾಕಿ ಗುಡಿಸ್ತಾರಂತೆ. "ಕಳ್ಳ ಬರಬಾರದು ಅಂತ ಬೀಗ ಹಾಕ್ತಾರೆ, ಆದ್ರೆ ಬೀಗ ನೋಡಿದ್ರೇನೇ ಕಳ್ಳನಿಗೆ ಮನೇಲಿ ಯಾರೂ ಇಲ್ಲ ಅಂತ ಗೊತ್ತಾಗೋದು" ಅಂತ ಹೇಳಿ, ಇನ್ನೂ ಟೈಮ್ ಇತ್ತು, ನಮಸ್ಕಾರ ಅಂತ ಇಳಿದುಬಿಡ್ತು. ಚಪ್ಪಾಳೆ ಅಲ್ಲೊಂದು ಇಲ್ಲೊಂದು.

ಮಾರ್ಕ್ಸ್ ಕೂಡೋವಾಗ ಜಗಳ ಶುರುವಾಯ್ತು. ಹುಡುಗಿಗೆ ಧ್ವನಿ ಕಮ್ಮಿ, ಹಾವಭಾವ ಇಲ್ಲ, ಸಂಬೋಧನೆ ಇಲ್ಲ, ಟೈಮ್ ಪೂರ್ತಿ ಬಳಸಿಲ್ಲ ಅಂದ್ರು ಪಕ್ಕದ ತೀರ್ಪುಗಾರರು. ಸರಿ ಸಾರ್, ಆ ಹುಡುಗ ಕೊಡೆ ಬಗ್ಗೆ ಏನು ಹೇಳ್ದ, ಒಂದು ವಾಕ್ಯ ಬರೀರಿ ಅಂದೆ. ಪೆನ್ ಹಿಡ್ಕೊಂಡು ಕೂತ್ರು. ಉಪ್ಪಿಟ್ಟು ತಣ್ಣಗಾಯ್ತು, ವಾಕ್ಯ ಬರಲಿಲ್ಲ. ಹುಡುಗಿದು? ಟಕ್ ಅಂತ ಬರೆದ್ರು. ಆದ್ರೂ ಆಗ್ಲೇ ಹಾಕಿದ ಮಾರ್ಕ್ಸ್ ತಿದ್ದೋಕೆ ಒಪ್ಪಲಿಲ್ಲ ಅನ್ನಿ, ಹುಡುಗ ಫಸ್ಟ್, ಹುಡುಗಿ ಸೆಕೆಂಡು. ಜಿಲ್ಲಾ ಮಟ್ಟಕ್ಕೆ ಪರಿಸರ ಭಾಷಣ ಹೋಯ್ತು. ನಂಗೆ ಇವತ್ತಿಗೂ ಸಿಟ್ಟೇ.

ಕಂಠಪಾಠಕ್ಕೆ ಅಂತ ಪ್ರತಿಭಾ ಕಾರಂಜಿಲಿ ಬೇರೆ ಸ್ಪರ್ಧೆನೇ ಇದೆಯಲ್ಲ, ಬಾಯಿಪಾಠ ಒಪ್ಪಿಸೋ ಮಕ್ಕಳು ಅಲ್ಲಿ ಹೋಗ್ಲಿ, ಚೆನ್ನಾಗಿ ಮಾಡ್ತಾರೆ. ಆಶುಭಾಷಣದಲ್ಲಿ ನೋಡ್ಬೇಕಾಗಿರೋದು ಚೀಟಿ ಬಿಚ್ಚಿದ ಮೇಲೆ ತಲೆ ಓಡ್ತಾ ಇಲ್ವಾ ಅನ್ನೋದು. ಮೊದಲು ಸುಮ್ಮನೆ ನಿಂತ್ರೆ ಮಾರ್ಕ್ಸ್ ಕಳೀಬೇಡಿ, ಯೋಚನೆ ಮಾಡ್ತಿರೋ ಮಗು ಹಾಗೇ ನಿಲ್ಲೋದು.

ಕರಾವಳಿ, ಮಲೆನಾಡಿನ ಕೇಳುಗರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ, ಅವರು ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದೋರು. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿ, ಅಂದ್ರೆ ಪಾತ್ರದ ಮಾತು ಆಡೋರು, ಕೂತಲ್ಲೇ ಮಾತಾಡ್ಬೇಕು, ಮಾತು ಮೊದಲೇ ಬರೆದಿಟ್ಟಿರಲ್ಲ. ಎದುರಿನ ಅರ್ಥಧಾರಿ ಎಲ್ಲಿಂದ ಪ್ರಶ್ನೆ ಎಸೀತಾರೋ ಗೊತ್ತಿಲ್ಲ, ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಇಂಥೋರನ್ನ ಜನ ರಾತ್ರಿಯಿಡೀ ಕೂತು ಕೇಳಿದ್ದು ಆ ಉತ್ತರಕ್ಕೆ. ಪ್ರಶ್ನೆ ಒಂದು, ಉತ್ತರ ಇನ್ನೊಂದು ಆದ್ರೆ ಆ ಪ್ರೇಕ್ಷಕರು ಬಿಡ್ತಿದ್ರಾ? ನಾವು ಮಾತ್ರ ಶಾಲೆಲಿ ಕೊಡೆ ಕೇಳಿ ಓಝೋನ್‌ಗೆ ಪ್ರೈಜ್ ಕೊಡ್ತೀವಿ.

ಅಯ್ಯೋ, ಟೈಮ್ ಆಗ್ತಾ ಬಂತು, ಬೇಗ ಬೇಗ ಹೇಳಿಬಿಡ್ತೀನಿ. ಸಮಯದ ವಿಷಯ. ಬೆಂಗಳೂರಿನ ಕಂಪನಿಗಳಲ್ಲಿ ಭಾಷಣ ಮಾಡೋದು ಕಲಿಯೋಕೆ ಅಂತ ಟೋಸ್ಟ್‌ಮಾಸ್ಟರ್ಸ್ ಕ್ಲಬ್ ಇರುತ್ತೆ ಕೇಳಿರ್ತೀರ, 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾಗಿದ್ದು. ಅವರ ಆಶುಭಾಷಣ ಬರೀ 1ರಿಂದ 2 ನಿಮಿಷ, 1 ನಿಮಿಷಕ್ಕೆ ಹಸಿರು ದೀಪ, 2ಕ್ಕೆ ಕೆಂಪು. ದೊಡ್ಡೋರಿಗೇ ಅಷ್ಟು ಸಾಕು ಅಂದ್ಮೇಲೆ ಮಕ್ಕಳನ್ನ ಯಾಕೆ ಐದು ನಿಮಿಷ ನಿಲ್ಲಿಸ್ತೀರ, ಉದ್ದ ಆದಷ್ಟೂ ಬಾಯಿಪಾಠ ನುಗ್ಗುತ್ತೆ.

ಇನ್ನು ಚೀಟಿ ಬರೆಯೋದು. ದಯವಿಟ್ಟು ಜಾಗತೀಕರಣ, ಮಹಿಳಾ ಸಬಲೀಕರಣ ಅಂತ ಬರೀಬೇಡಿ, ಅದಕ್ಕೆ ಗೈಡ್‌ಲಿ ಪ್ರಬಂಧ ರೆಡಿ ಇದೆ. ಚಪ್ಪಲಿ, ಬಸ್ ಪಾಸು, ಪಕ್ಕದ ಮನೆ ನಾಯಿ, ಕರೆಂಟ್ ಹೋದ ರಾತ್ರಿ, ಇಂಥದ್ದು ಬರೀರಿ. ಸರದಿ ಬಾರದ ಮಕ್ಕಳನ್ನ ಬೇರೆ ರೂಮಲ್ಲಿ ಕೂರಿಸಿ. ಎತ್ತಿದ ಚೀಟಿನ ವಾಪಸ್ ಡಬ್ಬಿಗೆ ಹಾಕಬೇಡಿ. ಅನುಮಾನ ಬಂದ್ರೆ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ, ಯಾಕಪ್ಪಾ ಹಾಗಂದೆ ಅಂತ, ಯೋಚಿಸಿ ಹೇಳಿದ ಮಗುವಿಗೆ ಆಗ ಮುಖ ಅರಳುತ್ತೆ, ಬಾಯಿಪಾಠ ಮಾಡ್ಕೊಂಡು ಬಂದಿದ್ದು ತನ್ನ ಮೇಷ್ಟ್ರ ಕಡೆ ತಿರುಗಿ ನೋಡುತ್ತೆ.

ಅಪ್ಪ ಅಮ್ಮಂದಿರಿಗೂ ಎರಡು ಮಾತು ಹೇಳ್ಬೇಕು ಅಂತಿದ್ದೆ, ಆಗಲ್ಲ ಈಗ. ರಾತ್ರಿ ಊಟಕ್ಕೆ ಕೂತಾಗ ಮಗೂಗೆ ಒಂದು ಚೀಟಿ ಕೊಟ್ಟು ಒಂದು ನಿಮಿಷ ಮಾತಾಡ್ಸಿ, ಮಧ್ಯ ತಿದ್ದಬೇಡಿ, ಆಮೇಲೆ ಅದೇ ಒಂದು ವಾಕ್ಯ, ನೀವೇ ಹೇಳಿ ನೋಡಿ. ನವೆಂಬರ್ ಬಂದ್ರೆ ರಾಜ್ಯೋತ್ಸವ, ಮಕ್ಕಳ ದಿನಾಚರಣೆ, ಸ್ಪರ್ಧೆಗಳ ಸಾಲೇ ಇರುತ್ತೆ, ಮಾರ್ಕ್ಸ್ ಹಾಳೆಲಿ ಮಗುವಿನ ನಂಬರ್ ಪಕ್ಕ ಒಂದು ಸಾಲು ಖಾಲಿ ಬಿಟ್ಟು ಜೆರಾಕ್ಸ್ ಮಾಡ್ಸಿ ಇಟ್ಕೊಳ್ಳಿ. ನಮಸ್ಕಾರ.