ಎರಡು ಸ್ಟೆಪ್ನಿ ಇಲ್ಲದೆ ಡೆಂಪ್‌ಸ್ಟರ್‌ಗೆ ಹೊರಡಬೇಡಿ

ನಮಸ್ಕಾರ ಎಲ್ಲರಿಗೂ. ಕೆನಡಾದ ಡೆಂಪ್‌ಸ್ಟರ್ ಹೆದ್ದಾರಿಗೆ ಎರಡು ಸ್ಟೆಪ್ನಿ ಬೇಕೇ ಬೇಕು ಅಂತ ಹೋದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಸಾರ್, ಸುಮ್ನೆ ಹೆದರಿಸಬೇಡಿ. ಮಳೆಗಾಲದಲ್ಲಿ ಶಿರಾಡಿ ಘಾಟಿ ಹತ್ತಿದವರು ನಾವು. ಕೆನಡಾದ ಜಲ್ಲಿ ರಸ್ತೆ ಯಾವ ಲೆಕ್ಕ? ಒಂದು ಸ್ಟೆಪ್ನಿ ಸಾಕು." ಇದಕ್ಕೆ ನಲವತ್ತು ಲೈಕ್! ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಸ್ವಾಮಿ, ಶಿರಾಡಿಯಲ್ಲಿ ಟೈರ್ ಹೋದರೆ ಸಕಲೇಶಪುರದಲ್ಲೋ ಗುಂಡ್ಯದಲ್ಲೋ ಹಳೇ ಟೈರ್ ನೇತುಹಾಕಿದ ಅಂಗಡಿ ಸಿಗುತ್ತದೆ. ನೀವು ಟೀ ಕುಡಿದು ಮುಗಿಸುವಷ್ಟರಲ್ಲಿ ಪಂಕ್ಚರ್ ಹಾಕಿ ಕೊಡುತ್ತಾರೆ. ಡೆಂಪ್‌ಸ್ಟರ್ ಹೆದ್ದಾರಿ ಶುರುವಾಗುವುದು ಯೂಕಾನ್‌ನ ಡಾಸನ್ ಸಿಟಿಯಿಂದ ಸುಮಾರು 40 ಕಿ.ಮೀ. ಆಚೆ. ಅಲ್ಲಿಂದ ಮೊದಲ ಪೆಟ್ರೋಲ್ ಬಂಕ್ ಈಗಲ್ ಪ್ಲೇನ್ಸ್‌ನಲ್ಲಿ, 369 ಕಿ.ಮೀ. ದೂರ. ಹೆಚ್ಚುಕಡಿಮೆ ಬೆಂಗಳೂರಿಂದ ಮಂಗಳೂರು! ನಡುವೆ ಇರುವುದು ಟೂಂಬ್‌ಸ್ಟೋನ್ ಬೆಟ್ಟಗಳು. ಹೆಸರಿನ ಅರ್ಥವೇ ಗೋರಿಕಲ್ಲು, ನೋಡಿಕೊಳ್ಳಿ. ಆದ್ದರಿಂದ ಎರಡು ಸ್ಟೆಪ್ನಿ.

ಟಾರು ಯಾಕೆ ಹಾಕಿಲ್ಲ ಅಂತ ಕೇಳುತ್ತೀರಿ. ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಅದು ಕರಗಿದರೆ ರಸ್ತೆಯೇ ಕುಸಿಯುತ್ತದೆ. ಅದಕ್ಕೆ ಕೆಲವು ಕಡೆ ಆಳೆತ್ತರ ಜಲ್ಲಿ ಸುರಿದು, ನೆಲಕ್ಕೆ ಕಂಬಳಿ ಹೊದಿಸಿದ ಹಾಗೆ ಮಾಡಿದ್ದಾರೆ. ಆ ಕಂಬಳಿಯಲ್ಲಿ ಚೂಪು ಕಲ್ಲುಗಳು. ಮೊಳೆ ಚುಚ್ಚಿದ ಹಾಗಲ್ಲ, ಟೈರಿನ ಪಕ್ಕೆಯನ್ನೇ ಸೀಳುತ್ತವೆ. ಪಕ್ಕೆ ಸೀಳಿದ ಟೈರಿಗೆ ಪ್ಯಾಚ್ ಇಲ್ಲ. ಎರಡು ಸ್ಟೆಪ್ನಿ! ಪೂರ್ತಿ ಸೈಜಿನದು. ಡಿಕ್ಕಿಯಲ್ಲಿ ಮಲಗಿರುವ ಆ ಸಣಕಲು ಚಕ್ರ ಲೆಕ್ಕಕ್ಕಿಲ್ಲ. ನನಗೆ ಒಬ್ಬರು ಬಾಡಿಗೆಗೆ ಕೊಟ್ಟ ಕಾರಿನಲ್ಲಿ ಅದೂ ಇರಲಿಲ್ಲ. ಗಾಳಿ ತುಂಬುವ ಒಂದು ಪುಟ್ಟ ಪಂಪು, ಒಂದು ಬಾಟಲಿ ಅಂಟು. ಸಹಿ ಹಾಕುವ ಮೊದಲು ಡಿಕ್ಕಿ ತೆಗೆದು ನೋಡಿ, ಜಲ್ಲಿ ರಸ್ತೆಗೆ ಬಿಡುತ್ತಾರಾ ಅಂತಲೂ ಕೇಳಿ.

ಈ ಮಾತು ಹಿಡಿಸಿದ್ದರೆ ಗಂಟೆ ಒತ್ತಿ. ಚಾನೆಲ್‌ನ ಟೀಶರ್ಟ್ ಕೂಡ ಬಂದಿದೆ. ಏನು ಬರೆದಿದೆ ಅಂತ ಊಹಿಸಿ.

"ಜಾಗ ಇಲ್ಲ ಸಾರ್." ಕುಕ್ಕರಿಗೆ ಜಾಗ ಇದೆ, ಡ್ರೋನಿಗೆ ಇದೆ, ನಾಲ್ಕು ಕೆಜಿ ಚಕ್ಕುಲಿಗೂ ಇದೆ, ಅಲ್ವಾ? "ಸ್ಯಾಟಲೈಟ್ ಫೋನ್ ಇದೆ ಸಾರ್." ಫೋನಿಗೆ ಗಾಳಿ ಹೊಡೆದು ಆಕ್ಸಲಿಗೆ ಹಾಕುತ್ತೀರಾ?

ಹೆದ್ದಾರಿಗೆ ಆ ಹೆಸರು ಯಾಕೆ ಬಂತು ಗೊತ್ತಾ? 1910ರ ಡಿಸೆಂಬರ್‌ನಲ್ಲಿ ಫಿಟ್ಜ್‌ಜೆರಾಲ್ಡ್ ಎಂಬ ಪೊಲೀಸ್ ಅಧಿಕಾರಿ ಮತ್ತು ಮೂವರು, ನಾಯಿಬಂಡಿಗಳಲ್ಲಿ ಫೋರ್ಟ್ ಮೆಕ್‌ಫರ್ಸನ್‌ನಿಂದ ಡಾಸನ್‌ಗೆ ಹೊರಟರು. ದಾಖಲೆ ವೇಗದಲ್ಲಿ ಮುಟ್ಟಬೇಕೆಂಬ ಆಸೆ. ಅದಕ್ಕೆ ಊಟದ ಸಾಮಾನು ಕಡಿಮೆ ಹೊತ್ತರು. ದಾರಿ ತಪ್ಪಿತು, ವಾಪಸ್ ತಿರುಗಿದರು, ನಾಯಿಗಳನ್ನೇ ತಿಂದರು. ನಾಲ್ವರೂ ಸತ್ತರು. 1911ರ ಮಾರ್ಚ್‌ನಲ್ಲಿ ಹೆಣಗಳನ್ನು ಪತ್ತೆ ಮಾಡಿದವರು ಡೆಂಪ್‌ಸ್ಟರ್ ಎಂಬ ಇನ್ನೊಬ್ಬ ಪೊಲೀಸ್. ಭಾರ ಇಳಿಸಿ ಹೋದವರನ್ನು ಹುಡುಕಲು ಹೋದವನ ಹೆಸರಿನ ರಸ್ತೆ ಸ್ವಾಮಿ ಇದು! ಅಲ್ಲಿ ನಿಂತು "ಲೈಟಾಗಿ ಹೋಗೋಣ" ಅನ್ನುತ್ತೀರಲ್ಲ!

ಉಳಿದ ಪ್ಲಾನ್ ಹೇಗಾದರೂ ಮಾಡಿ. ದಾರಿಯಲ್ಲಿ ಸಿಗುವ ಪೀಲ್ ಮತ್ತು ಮೆಕೆಂಝಿ ನದಿಗಳಿಗೆ ಸೇತುವೆ ಇಲ್ಲ. ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ರಸ್ತೆ, ನಡುವಿನ ಕೆಲವು ವಾರ ಎರಡೂ ಇಲ್ಲ. ಹೆದ್ದಾರಿ ಮುಗಿಯುವ ಇನೂವಿಕ್ ಊರಿನ ಆಚೆ ಟುಕ್ಟೊಯಾಕ್ಟಕ್‌ವರೆಗೆ, ಅಂದರೆ ಆರ್ಕ್ಟಿಕ್ ಸಮುದ್ರದವರೆಗೆ, 2017ರಲ್ಲಿ ರಸ್ತೆ ಆಗಿದೆ. ಹೋಗಿ, ಕಾಲು ಅದ್ದಿ, ಫೋಟೋ ಹಾಕಿ, ನನ್ನನ್ನು ಟ್ಯಾಗ್ ಮಾಡಿ. ಫೋಟೋದಲ್ಲಿ ಎರಡು ಸ್ಟೆಪ್ನಿ ಕಾಣಬೇಕು.

ಯಾಕೆ ಎರಡು? ಎರಡು ಅಂದರೆ ಎರಡು. ನಮ್ಮಪ್ಪ ಒಂದು ಮದುವೆಗೆ ಎರಡು ಪಂಚೆ ಒಯ್ಯುತ್ತಿದ್ದರು, ನಾವು ಕಾರಣ ಕೇಳಿದ್ದೇವಾ?

ಈಗಷ್ಟೇ ಇನ್ನೊಬ್ಬರು ಬರೆದರು, "ಮೂರು ತಗೊಂಡರೆ?" ತಗೊಳ್ಳಿ. ನಾನು ಹಿಂದೆಯೇ ಬರುತ್ತೇನೆ.