ಪರದೆಯ ಮೇಲೆ ಗೇಟ್ಸ್

ಕೇಳುಗರೇ, ನಮಸ್ಕಾರ. ಕಂಪ್ಯೂಟರ್ ಕಂಪನಿಗಳ ಲೋಕದಲ್ಲಿ ಗಾಳಿಸುದ್ದಿಗೆ ಎಂದೂ ಬರವಿಲ್ಲ. ಇವರು ಅವರನ್ನು ಕೊಳ್ಳುತ್ತಾರಂತೆ, ಅವರಿಬ್ಬರೂ ಒಂದಾಗುತ್ತಾರಂತೆ. ಇಂಥ ಸುದ್ದಿ ಕೇಳಿದಾಗೆಲ್ಲ ನಾನು ಹಾಕಿಕೊಳ್ಳುವ ಪ್ರಶ್ನೆ ಒಂದೇ: ಇಬ್ಬರಲ್ಲಿ ಯಾರಿಗೆ ಏನು ಕೊರತೆ?

1997ರ ಆಗಸ್ಟ್, ಅಮೆರಿಕದ ಬಾಸ್ಟನ್. ಸಭಾಂಗಣದ ತುಂಬ ಆಪಲ್ ಅಭಿಮಾನಿಗಳು. ವೇದಿಕೆಯ ಮೇಲೆ ಆಪಲ್‌ನ ಸ್ಟೀವ್ ಜಾಬ್ಸ್. ಹಿಂದಿನ ದೊಡ್ಡ ಪರದೆಯಲ್ಲಿ ಎದುರಾಳಿ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಮುಖ ಮೂಡಿತು ನೋಡಿ, ಜನ ಛೀಮಾರಿ ಹಾಕಿದರು! ಮೈಕ್ರೋಸಾಫ್ಟ್ ಆಪಲ್‌ನಲ್ಲಿ 15 ಕೋಟಿ ಡಾಲರ್ ಹೂಡಲಿತ್ತು. ಆಪಲ್ ಕಥೆ ಮುಗೀತು ಅಂತ ಯಾರಿಗಾದರೂ ಅನ್ನಿಸಬೇಕು, ಅಲ್ವಾ? ಆದರೆ ಆ ಷೇರುಗಳಿಗೆ ಕಂಪನಿಯ ತೀರ್ಮಾನಗಳಲ್ಲಿ ಮತದ ಹಕ್ಕೇ ಇರಲಿಲ್ಲ. ಆಪಲ್‌ಗೆ ದುಡ್ಡಿಗಿಂತ ದೊಡ್ಡದಾಗಿ ಸಿಕ್ಕಿದ್ದು ಇನ್ನೈದು ವರ್ಷ ತನ್ನ ಮ್ಯಾಕ್ ಕಂಪ್ಯೂಟರಿಗೆ ಮೈಕ್ರೋಸಾಫ್ಟ್‌ನ ಆಫೀಸ್ ತಂತ್ರಾಂಶ ಬರುತ್ತದೆ ಎಂಬ ಮಾತು. ಅದಿಲ್ಲದ ಕಂಪ್ಯೂಟರನ್ನು ಕಚೇರಿಗಳು ಯಾಕೆ ಕೊಳ್ಳಬೇಕು? ಗೇಟ್ಸ್ ಕೂಡ ಸುಮ್ನೆ ಬಂದವರಲ್ಲ. ಪೇಟೆಂಟ್ ಜಗಳ ತೀರಿತು, ಅವರ ಬ್ರೌಸರ್ ಇಂಟರ್ನೆಟ್ ಎಕ್ಸ್‌ಪ್ಲೋರರ್ ಮ್ಯಾಕ್‌ನೊಳಗೆ ಜಾಗ ಹಿಡಿಯಿತು.

ಗಾಳಿಸುದ್ದಿ ಪೂರ್ತಿ ಸುಳ್ಳಾಗುವುದು ಕಡಿಮೆ. ಮದುವೆ ನಿಜವೇ ಇರುತ್ತದೆ, ಗಂಡು ಮಾತ್ರ ಬೇರೆ. 2009ರಲ್ಲಿ ಸರ್ವರ್ ಕಂಪ್ಯೂಟರ್ ತಯಾರಿಸುವ ಸನ್ ಮೈಕ್ರೋಸಿಸ್ಟಮ್ಸ್ ಐಬಿಎಂ ಪಾಲಾಗುತ್ತದೆ ಎಂದು ಎಲ್ಲರೂ ಕಾದರು. ಏಪ್ರಿಲ್‌ನಲ್ಲಿ ಆ ಮಾತುಕತೆ ಮುರಿದುಬಿತ್ತು. ಅದೇ ತಿಂಗಳು ತಂತ್ರಾಂಶ ಕಂಪನಿ ಒರಾಕಲ್ ಬಂದು 740 ಕೋಟಿ ಡಾಲರ್‌ಗೆ ವ್ಯಾಪಾರ ಕುದುರಿಸಿತು. ಸನ್‌ಗೆ ಆಸರೆ ಬೇಕಿತ್ತು, ಅದು ಯಾರದ್ದಾದರೇನು!

ಕೆಲವು ಸಲ ಇಬ್ಬರೂ ಒಪ್ಪಿದರೂ ಉಳಿದವರು ಬಿಡುವುದಿಲ್ಲ. 2020ರಲ್ಲಿ ಚಿಪ್ ಕಂಪನಿ ಎನ್‌ವಿಡಿಯಾ ಸುಮಾರು 4,000 ಕೋಟಿ ಡಾಲರ್‌ಗೆ ಆರ್ಮ್ ಕಂಪನಿಯನ್ನು ಕೊಳ್ಳಲು ಹೊರಟಿತು. ಆಗ ಆರ್ಮ್ ತಾನು ಚಿಪ್ ಮಾರುತ್ತಿರಲಿಲ್ಲ, ಚಿಪ್‌ನ ವಿನ್ಯಾಸವನ್ನು ಪರವಾನಗಿ ಮೇಲೆ ಕೊಡುತ್ತಿತ್ತು. ಎನ್‌ವಿಡಿಯಾದ ಎದುರಾಳಿಗಳೂ ಅದರ ಗಿರಾಕಿಗಳೇ. ತಮ್ಮ ಚಿಪ್‌ನ ಬುಡ ಎದುರಾಳಿಯ ಕೈಗೆ ಹೋದರೆ ಯಾರು ತಾನೇ ಸುಮ್ಮನಿರುತ್ತಾರೆ? ಹಲವು ದೇಶಗಳ ಸರ್ಕಾರಗಳೂ ಆಕ್ಷೇಪ ಎತ್ತಿದವು. 2022ರ ಫೆಬ್ರುವರಿಯಲ್ಲಿ ಆ ಒಪ್ಪಂದ ರದ್ದಾಯಿತು.

ಅದೇ ಎನ್‌ವಿಡಿಯಾ 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಎದುರಾಳಿ, ಚಿಪ್ ತಯಾರಕ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡುವುದಾಗಿ ಹೇಳಿತು. ಇಬ್ಬರೂ ಸೇರಿ ಚಿಪ್ ರೂಪಿಸುತ್ತಾರೆ ಎಂದೂ ಸಾರಿದರು. ಆಗ ಇಂಟೆಲ್‌ಗಿದ್ದ ನಿಜವಾದ ಕೊರತೆ ಅದರ ಕಾರ್ಖಾನೆಗಳಿಗೆ ದೊಡ್ಡ ಗಿರಾಕಿ. ಎನ್‌ವಿಡಿಯಾ ತನ್ನ ಚಿಪ್‌ಗಳನ್ನು ಅಲ್ಲಿ ಮಾಡಿಸುತ್ತದೆ ಎಂಬ ಮಾತು ಮಾತ್ರ ಆ ಘೋಷಣೆಯಲ್ಲಿ ಇರಲಿಲ್ಲ. ಹಾಗಾಗಿ ಊಹೆ ಮಾಡುವವರಿಗೆ ಇನ್ನೂ ಕೆಲಸವಿದೆ. ನಮಸ್ಕಾರ.